ಅತ್ತೆಯ ಮಾರಿ ತೆಗೆದದ್ದು

ಗದಗ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಚಿತ್ರ ಬರೆಯುವ ಪುಸ್ತಕ ಕೇಳಿದಾಗ ಅಂಗಡಿಯವನು, "ಎಷ್ಟನೇ ಕ್ಲಾಸಿನ ಹುಡುಗಗ ಬೇಕ್ರಿ, ಅಕ್ಕಾರ?" ಅಂದ. ನನಗೇ ಬೇಕು ಅಂದೆ. ಆತ ನನ್ನ ನರೆತ ತಲೆಯನ್ನೊಮ್ಮೆ, ಕೈಯಲ್ಲಿದ್ದ ಮೆಂತೆ ಸೊಪ್ಪಿನ ಚೀಲವನ್ನೊಮ್ಮೆ ನೋಡಿ, ಇದ್ದುದರಲ್ಲೇ ತೆಳ್ಳಗಿನ ಪುಸ್ತಕವೊಂದನ್ನು ಮುಂದಿಟ್ಟ. ಅದರ ರಟ್ಟಿನ ಮೇಲೆ ಗಜ್ಜರಿ ತಿನ್ನುವ ಮೊಲವಿತ್ತು. ಅಂಥವನ ಜೊತೆ ವಾದವೇನು? ಹಿಂದಿನ ಕಪಾಟಿನಲ್ಲಿದ್ದ ದಪ್ಪ ಹಾಳೆಯದನ್ನು ಬೆರಳು ಮಾಡಿ ತೋರಿಸಿ ಇಳಿಸಿಕೊಂಡೆ.

ಮನುಷ್ಯರ ಮುಖ ಬರೆಯುವುದು ನನ್ನ ಹಳೆಯ ಹುಚ್ಚು. ಲಕ್ಷ್ಮೇಶ್ವರದಲ್ಲಿ ಶಾಲೆಗೆ ಹೋಗುವಾಗ ಲೆಕ್ಕದ ಪಟ್ಟಿಯ ಅಂಚಿನಲ್ಲಿ ಮಾಸ್ತರರ ಮೀಸೆ ಬರೆದು ಛಡಿ ಏಟು ತಿಂದಿದ್ದೆ. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಈ ಕೈಗೆ ಬಡಿದ ರೊಟ್ಟಿಯ ಹೊರತು ಬೇರೆ ಯಾವ ದುಂಡು ಆಕಾರವೂ ಗೊತ್ತಿರಲಿಲ್ಲ. ಮಕ್ಕಳು ದೊಡ್ಡವರಾಗಿ ಮಧ್ಯಾಹ್ನಗಳು ತಿರುಗಿ ನನ್ನವಾದಾಗ, ಸುಮ್ಮನೆ ಟಿವಿಯ ಮುಂದೆ ಬಾಯಿ ತೆರೆದು ಮಲಗುವ ಹೆಂಗಸರ ಸಾಲಿಗೆ ಸೇರಬಾರದೆಂದು ಪೆನ್ಸಿಲ್ ಹಿಡಿದೆ.

ಮೊದಲ ಗುರು ಫೋನಿನ ವಿಡಿಯೋದಲ್ಲಿ ಸಿಕ್ಕ. ಕೂದಲಿಗೆ ಅರ್ಧ ಡಬ್ಬಿ ಎಣ್ಣೆಯಂಥದ್ದೇನೋ ಮೆತ್ತಿಕೊಂಡ ಹುಡುಗ. ಒಂದು ದುಂಡು ಹಾಕಿ, ನಡುವೆ ಗೆರೆ ಎಳೆಯಿರಿ, ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ ಬಿಡಿ ಅನ್ನುತ್ತಿದ್ದ. ಕೊನೆಗೆ ಪ್ರತಿ ಕಣ್ಣಿನಲ್ಲೂ ಒಂದು ಬಿಳಿ ಚುಕ್ಕೆ ಉಳಿಸಿ, "ಈಗ ನೋಡಿ, ಜೀವ ಬಂತು" ಎಂದು ತನ್ನಷ್ಟಕ್ಕೆ ತಾನೇ ಬೀಗುತ್ತಿದ್ದ. ಆತ ಬರೆದ ಮುಖಗಳೆಲ್ಲ ಒಂದೇ ತಾಯಿಯ ಮಕ್ಕಳು. ಹಂಡೆಯಷ್ಟು ಕಣ್ಣು, ಇದ್ದೂ ಇಲ್ಲದ ಮೂಗು, ಚಾಕುವಿನ ತುದಿಯಂಥ ಗದ್ದ. ಅಂಥ ಗದ್ದದವರು ಬೆಟಗೇರಿಯಲ್ಲಿ ಒಬ್ಬರೂ ಇಲ್ಲ. ಇದ್ದಿದ್ದರೆ ಎಂದೋ ದವಾಖಾನೆಗೆ ಒಯ್ದಿರುತ್ತಿದ್ದರು.

ಹಾಗಾಗಿ ಮನೆಯವರನ್ನೇ ಬರೆಯತೊಡಗಿದೆ. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಕೂಡಿ ಅರಿವೆ ಅಂಗಡಿ ನಡೆಸುತ್ತಾರೆ. ಒಂದೇ ಮನೆ, ಒಂದೇ ಒಲೆ. ಮನೆಯವರೆಲ್ಲ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಬಂದು, "ನಂದೂ ಒಂದ ಮಾರಿ ತಗಿ" ಅಂದರು. ನಮ್ಮ ಕಡೆ ಮುಖವೆಂದರೆ ಮಾರಿ. ಚಿತ್ರವನ್ನು ಯಾರೂ ಬರೆಯುವುದಿಲ್ಲ, ತೆಗೆಯುತ್ತಾರೆ. ಫೋಟೋವನ್ನೂ ತೆಗೆಯುತ್ತಾರೆ. ಗೋಡೆಗೆ ಹಾಕಿದ್ದನ್ನು ಕೆಳಗಿಳಿಸುವುದೂ ತೆಗೆಯುವುದೇ. ಈ ಒಂದು ಮಾತು ನಮ್ಮ ಮನೆಯಲ್ಲಿ ಮುಂದೆ ಮಾಡಿದ ಅವಾಂತರಕ್ಕೆ ನಾನೇ ಸಾಕ್ಷಿ.

ತೆಗೆಯಿಸಿಕೊಂಡವರಿಗೆಲ್ಲ ಬೇಕಾದದ್ದು ಒಂದೇ. ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಹಾಳೆ ಕಸಿದುಕೊಂಡು ನೋಡಿ, "ಇಷ್ಟ್ಯಾಕ ಕರ್ರಗ ತಗದಿ?" ಅಂದಳು. ಬೆಳ್ಳಗೆ ಬೇಕಾದರೆ ಹಾಳೆ ಖಾಲಿ ಬಿಡುತ್ತೇನೆ, ಅದಕ್ಕಿಂತ ಬೆಳ್ಳಗೆ ನನ್ನ ಕೈಲಾಗದು ಅಂದೆ. ಭಾವ ಕನ್ನಡಕ ಏರಿಸಿ, "ಗದ್ದ ಎರಡ್ಯಾಕ ಅದಾವು?" ಅಂತ ಕೇಳಿದರು.

"ಇರೂವು ಎರಡ ಅದಾವಲ್ರಿ, ಭಾವಾರ."

ಅಂದಿನಿಂದ ಅವರು ನನ್ನ ಪೆನ್ಸಿಲ್ ಕಂಡರೆ ಅಂಗಡಿಗೆ ಹೊತ್ತಾಯಿತು ಅನ್ನುತ್ತಿದ್ದರು. ಗಂಡನದು ಬೇರೆಯೇ ಜಾತಿ. ಏನು ತೋರಿಸಿದರೂ "ಛಲೋ ಐತಿ" ಅನ್ನುತ್ತಿದ್ದರು. ಒಮ್ಮೆ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೊಟ್ಟೆ. ಆಗಲೂ ಛಲೋ ಇತ್ತು.

ಉಳಿದವರು ಅತ್ತೆ. ಹರ್ತಿಯ ಒಕ್ಕಲುತನದ ಮನೆಯ ಮಗಳು. ಸಣ್ಣವರಿದ್ದಾಗ ಹೊಲದಲ್ಲಿ ಹತ್ತಿಗಿಡದ ಒಣ ಕಟ್ಟಿಗೆ ಬಡಿದು ಎಡಗಣ್ಣು ಹೋಯಿತು. ರೆಪ್ಪೆ ಮುಚ್ಚಿಯೇ ಬಿಟ್ಟಿದೆ, ಅದರ ಕೆಳಗೆ ಕೆನ್ನೆ ಒಂದಿಷ್ಟು ಒಳಗೆ ಹೋಗಿದೆ. ಆ ಮುಖದಲ್ಲಿ ಇರುವಷ್ಟು ಕೆಲಸ ನಮ್ಮ ಮನೆಯ ಉಳಿದ ಎಲ್ಲ ಮುಖ ಕೂಡಿಸಿದರೂ ಇಲ್ಲ. ಪಡಸಾಲೆಯ ಕಿಟಕಿಯ ಬದಿಗೆ ಅವರು ಶೇಂಗಾ ಸುಲಿಯುತ್ತ ಕೂತಾಗ ನಾನು ಅವರ ಎಡಕ್ಕೆ ಹೋಗಿ ಕೂರುತ್ತಿದ್ದೆ. ಆ ಕಡೆ ಅವರಿಗೆ ಕಾಣುವುದಿಲ್ಲ, ಆರಾಮಾಗಿ ಬರೆಯಬಹುದು ಎಂದು ನನ್ನ ಲೆಕ್ಕ. ಬಹಳ ದಿನ ಹೀಗೇ ನಡೆಯಿತು. ಒಂದು ದಿನ ಅವರು ಕತ್ತು ಹೊರಳಿಸದೆಯೇ ಅಂದರು:

"ಏನ ಕೆರೀತೀದಿ ಅಲ್ಲಿ, ಇಲಿ ಕೆರದಂಗ? ಕಣ್ಣ ಹೋಗೈತಿ, ಕಿವಿ ಹೋಗಿಲ್ಲ ನಂದು."

ತೋರಿಸಿದೆ. ಬಲಗಣ್ಣಿನ ಹತ್ತಿರ ತಂದು ನೋಡಿದರು.

"ಮೂಗ ಹಿಂಗೈತೇನ ನಂದು? ಬದನಿಕಾಯಿ ತಂದ ಹಚ್ಚೀದಿ."

ಪೆನ್ಸಿಲ್ ಸರಿಯಿಲ್ಲ, ಬೆಳಕೂ ಸಾಲದು ಅಂದೆ.

"ಹೂಂ. ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ."

ಮನೆಯಲ್ಲಿ ನನ್ನ ಚಿತ್ರವನ್ನು ಚಿತ್ರವೆಂದು ಬೈದವರು ಅವರೊಬ್ಬರೇ. ಅಂದಿನಿಂದ ದಿನವೂ ಬೈಸಿಕೊಳ್ಳಲು ಹೋಗಿ ಕೂರತೊಡಗಿದೆ. ಕಿವಿ ಬರೆದರೆ ಕಿವಿಗೆ ಬೈದರು, ಸುಕ್ಕು ಬರೆದರೆ ಸಾಲದು ಅಂದರು. ಆದರೆ ಎದುರಿಗೆ ಮಾತ್ರ ಕೂರಗೊಡಲಿಲ್ಲ. "ಕಲತ ಮ್ಯಾಲ ಎದುರಿಗಿ ಬಾ" ಅನ್ನುತ್ತಿದ್ದರು.

ಈ ನಡುವೆ ಭಾವನ ಮಗಳಿಗೆ ಮುಂಡರಗಿಯ ಕಡೆಯ ಸಂಬಂಧ ಬಂತು. ಕಾಳಿನ ವ್ಯಾಪಾರದವರು, ದೊಡ್ಡ ಮನೆತನ. ಅವರು ಹುಡುಗಿ ನೋಡಲು ಬರುತ್ತಾರೆ ಅಂದದ್ದೇ ತಡ, ಭಾವನಿಗೆ ಇಡೀ ಮನೆ ಕುರೂಪವಾಗಿ ಕಾಣತೊಡಗಿತು. ಗೋಡೆಗೆ ಬಣ್ಣ ಬಳಿಸಿದರು. ಪರದೆ ಬದಲಾಯಿಸಿದರು. ಆಮೇಲೆ ಅವರ ಕಣ್ಣು ತಾಯಿಯ ಕಣ್ಣಿನ ಮೇಲೆ ಬಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕೆ ಹೆತ್ತವರು ಮುದ್ದೆಂದು ಮಾತ್ರ ಯಾವ ಗಾದೆಯೂ ಹೇಳಿಲ್ಲ.

ಫೋನಿನಲ್ಲಿದ್ದ ತಾಯಿಯ ಪಟವನ್ನು ಗದಗಿನ ಒಂದು ಸ್ಟುಡಿಯೋಕ್ಕೆ ಒಯ್ದರು. ಅಲ್ಲಿಯ ಹುಡುಗ ಬಲಗಣ್ಣನ್ನು ಎತ್ತಿ, ಹೊರಳಿಸಿ, ಎಡಕ್ಕೆ ಅಂಟಿಸಿದ. ಕೆನ್ನೆ ತುಂಬಿಸಿದ. ಹರ್ತಿಯ ಬಿಸಿಲು, ಬೆಟಗೇರಿಯ ಬಿಸಿಲು ಕೂಡಿ ಸುಟ್ಟ ಬಣ್ಣವನ್ನು ಒರೆಸಿ ಹಾಲಿನಂಥ ತೊಗಲು ಬಳಿದ. ಯಾವಳದೋ ಜರಿ ಸೀರೆ ಉಡಿಸಿದ. ಭಾವ ಅದಕ್ಕೆ ಬಂಗಾರದ ಬಣ್ಣದ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೀರಿಹೋದ ಮಾವನವರ ಫೋಟೋದ ಪಕ್ಕಕ್ಕೆ ತೂಗುಹಾಕಿದರು. ಮಾವನವರದಕ್ಕೆ ಗಂಧದ ಹಾರವಿತ್ತು, ಕೆಳಗೆ ಕೆಂಪು ದೀಪವಿತ್ತು. ಜೋಡಿ ಆಗಲಿ ಅಂದರು.

"ಅವ್ವಗ ಕಣ್ಣ ಬಂತ ನೋಡ್ರಿ" ಎಂದು ಎಲ್ಲರನ್ನೂ ಕರೆದು ತೋರಿಸಿದರು. ಗಂಡ ಛಲೋ ಐತಿ ಅಂದರು. ಅತ್ತೆ ಕೋಲೂರಿ ಬಂದು ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

"ಯಾರಕಿ ಇಕಿ?"

"ನೀನ ಬೇ ಯವ್ವಾ."

"ನಾ ಅಲ್ಲ. ನಿಮ್ಮಪ್ಪನ ಬಾಜೂಕ ಯಾವಾಕೀನೋ ತಂದ ನಿಲ್ಲಿಸೀರಿ. ಆ ಫೋಟೋ ತಗೀರಿ."

ಮರುದಿನ ಭಾವ ಅಂಗಡಿಯಿಂದ ಬೇಗ ಬಂದು, "ಅವ್ವಗ ಇನ್ನೊಂದ ಫೋಟೋ ತಗಸ್ಕೋಬೇಕಂತ ಆಸೆ ಐತಿ" ಎಂದು ಸಾರಿದರು. ಅತ್ತೆಗೆ ಇಳಕಲ್ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ಬಲಗೆನ್ನೆ ಮಾತ್ರ ಕಾಣುವಂತೆ ಹೊರಳಿಸಿ, ಫೋನು ಹಿಡಿದು ಚಿಟಿಚಿಟಿ ಅನಿಸಿದರು. ಅತ್ತೆ ಏನೋ ಪೂಜೆಯೆಂದು ಸುಮ್ಮನೆ ಕೂತಿದ್ದರು. ಕೊನೆಗೆ ಕೇಳಿದರು:

"ಫೋಟೋ ತಗದಿ?"

"ತಗದೆ ಬೇ."

"ಗ್ವಾಡಿ ಮ್ಯಾಲ ಇನ್ನೂ ಐತಲ್ಲೋ."

ತಗೀರಿ ಅಂದರೆ ಇಳಿಸಿರಿ ಅಂತ, ಭಾವಾರ, ಅಂದೆ ನಾನು. ಅವರ ಮುಖ ಸಪ್ಪಗಾಯಿತು. ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ತಾಯಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದರು: "ಮುಂಡರಗಿಯವರು ಬಂದ ಹೋಗೂ ತನಕ ಇರಲಿ. ಇಂಥಾ ಕಣ್ಣು ಈ ಮನೆತನದಾಗ ಐತಿ ಅಂದ್ರ ಹುಡುಗಿ ಗತಿ ಏನು? ಆವತ್ತ ಅವ್ವಗ ಹೊರಗ ಬರಾಕ ಹೇಳಬ್ಯಾಡ್ರಿ."

ಹತ್ತಿಕಟ್ಟಿಗೆ ಬಡಿದದ್ದು ಮೊಮ್ಮಗಳಿಗೆ ಹೇಗೆ ಅಂಟುತ್ತದೆ ಎಂದು ಕೇಳಿದೆ. ಜನ ಕೇಳಬೇಕಲ್ಲ ಅಂದರು. ಅತ್ತೆ ಮತ್ತೆ ಶೇಂಗಾ ಸುಲಿಯತೊಡಗಿದ್ದರು. ತಾನು ಕಟ್ಟಿಸಿದ ಮನೆಯಲ್ಲಿ, ತನ್ನ ಮೊಮ್ಮಗಳನ್ನು ನೋಡಲು ಜನ ಬರುವ ದಿನ, ಒಲೆಯ ಹಿಂದೆ ಅಡಗಿ ಕೂರಬೇಕು. ಹೊರಗೆ ಆ ಹಾಲಿನ ಬಣ್ಣದವಳು ಗೋಡೆಯೇರಿ ಕೂರುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಎರಡು ಗದ್ದ ಬರೆದದ್ದು ಕಡಿಮೆಯಾಯಿತು, ಮೂರು ಬರೆಯಬೇಕಿತ್ತು ಅನ್ನಿಸಿತು.

ಮುಂಡರಗಿಯವರು ಬಂದರು. ಹುಡುಗ, ಅವನ ತಂದೆತಾಯಿ, ಜೊತೆಗೆ ಅವನ ದೊಡ್ಡವ್ವ. ಹಣೆತುಂಬ ವಿಭೂತಿ ಹಚ್ಚಿಕೊಂಡ, ಎತ್ತರದ ದನಿಯ ಹೆಂಗಸು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಹಿಂದೆ ಮಣೆಯ ಮೇಲೆ ಅತ್ತೆ ಕೂತಿದ್ದರು. ದೊಡ್ಡವ್ವ ಗೋಡೆಯ ಮೇಲಿನ ಜೋಡಿ ಫೋಟೋ ನೋಡಿ, ಎದ್ದು ಹೋಗಿ ಕೈಮುಗಿದಳು.

"ಇಬ್ಬರೂ ಹ್ವಾದ್ರೇನ್ರಿ, ಪಾಪ? ತಾಯಾರು ಭಾಳ ಲಕ್ಷಣ ಇದ್ರ ಬಿಡ್ರಿ."

ಇಲ್ಲರೀ, ಒಳಗದಾರ ಅನ್ನಬೇಕು. ಎರಡು ಮಾತು. ಭಾವ ಫೋಟೋ ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು.

"ಹೂಂ ರೀ" ಅಂದರು.

"ಎಷ್ಟ ದಿನಾ ಆತ್ರಿ?"

"ಆತ್ರಿ... ಭಾಳ ದಿನಾ ಆತು."

ನನ್ನ ಗಂಡ ತಟ್ಟೆಯ ಚೂಡಾದಲ್ಲಿ ಗೋಡಂಬಿ ಹುಡುಕುತ್ತಿದ್ದರು. ಅದೂ ಛಲೋ ಇತ್ತೇನೋ. ಇಬ್ಬರು ಗಂಡುಮಕ್ಕಳು, ಇಬ್ಬರೂ ಈ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವರು. ನಾನು ಚಹಾದ ತಟ್ಟೆ ಕೆಳಗಿಟ್ಟು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡೆ. ಹಿಂದೆ ಅತ್ತೆ ಗೋಡೆ ಹಿಡಿದು ಎದ್ದ ಸಪ್ಪಳವಾಯಿತು.

"ಸರಿ ಆಚೀಕ" ಅಂದರು ನನಗೆ.

ಸೆರಗು ತಲೆಯ ಮೇಲೆ ಎಳೆದುಕೊಂಡು ಪಡಸಾಲೆಯ ನಡುವೆ ಹೋಗಿ ನಿಂತರು. ಬೆಳಕು ನೇರ ಮುಖದ ಮೇಲೆ ಬಿದ್ದಿತ್ತು.

"ನಮಸ್ಕಾರ ರೀ. ನಾ ಈ ಹುಡುಗರ ಅವ್ವ. ಇನ್ನೂ ಹೋಗಿಲ್ಲ. ಹೋಗೂ ಮುಂದ ಖಬರ ಕಳಸ್ತೇನಿ."

ಮಾರಿ ನೋಡಿ ಮಣೆ ಹಾಕು ಎಂಬುದು ನಮ್ಮ ಜನರ ಹಳೆಯ ಬುದ್ಧಿ. ಮುಂಡರಗಿಯ ದೊಡ್ಡವ್ವ ಆ ಮುಖವನ್ನು ನೋಡಿದಳು, ಗೋಡೆಯ ಮೇಲಿನದನ್ನು ನೋಡಿದಳು, ಆಮೇಲೆ ಭಾವನನ್ನು ನೋಡಿದಳು. ಸೋಫಾದಲ್ಲಿ ಸರಿದು ಜಾಗ ಮಾಡಿ, "ಬರ್ರಿ, ಇಲ್ಲೆ ಕುಂಡ್ರ ಬರ್ರಿ" ಅಂದಳು. ಅತ್ತೆ ಕೂತರು. ಕೂತು ನನ್ನ ಕಡೆ ಹೊರಳಿದರು.

"ಆ ಫೋಟೋ ತಗಿ."

ಈ ಸಲ ಯಾರಿಗೂ ಅರ್ಥ ತಪ್ಪಲಿಲ್ಲ. ಬೀಗರಾಗಬೇಕಾದವರ ಎದುರಿಗೇ ಕುರ್ಚಿ ಹತ್ತಿ ಅದನ್ನು ಇಳಿಸಿ, ಮುಖ ಗೋಡೆಯ ಕಡೆ ಮಾಡಿ ಮೂಲೆಗೆ ನಿಲ್ಲಿಸಿದೆ. ಕಟ್ಟು ಭಾರವಿತ್ತು.

ಖಬರು ಕಳಿಸುತ್ತೇವೆ ಎಂದು ಹೋದ ಮುಂಡರಗಿಯವರು ಕಳಿಸಿದರು, ಸಂಬಂಧವೂ ಕುದುರಿತು. ತಾನು ಗೋಡೆಗೆ ಬಣ್ಣ ಬಳಿಸಿದ್ದರಿಂದಲೇ ಕುದುರಿತೆಂದು ಭಾವ ಈಗಲೂ ನಂಬಿದ್ದಾರೆ. ನಂಬಲಿ.

ಅವರು ಬಂದುಹೋದ ಮರುದಿನ ಮಧ್ಯಾಹ್ನ ಅತ್ತೆ ಕಿಟಕಿಯ ಬದಿಗೆ ಕೂತು ನನ್ನನ್ನು ಕರೆದರು. ಮುಂದೆ ಶೇಂಗಾದ ಮೊರ ಇರಲಿಲ್ಲ.

"ನಿನ್ನ ಪುಸ್ತಕ ತಗೊಂಬಾ. ಎದುರಿಗಿ ಕುಂಡ್ರು. ತಗಿ ನನ್ನ ಮಾರಿ."

ಬರೆದೆ. ಅಷ್ಟು ದಿನ ಎಡಕ್ಕೆ ಕೂತು ಬರೆದಿದ್ದೆನಲ್ಲ, ಮುಚ್ಚಿದ ಕಣ್ಣು ತಾನಾಗಿ ಬಂತು. ಹೊಲಿದಂತೆ ಕೂಡಿದ ರೆಪ್ಪೆ, ಕೆನ್ನೆಯ ಕುಳಿ, ಎಲ್ಲ. ಮೂಗೂ ಬದನೆಕಾಯಿಯಾಗಲಿಲ್ಲ. ತೆರೆದ ಕಣ್ಣನ್ನು ಕೊನೆಗೆ ಬರೆದೆ. ಬರೆಯುವಾಗ ನಿನ್ನೆಯ "ಹೂಂ ರೀ" ಕಿವಿಯಲ್ಲಿತ್ತು. ಮುಗಿಸಿ, ಇಷ್ಟು ದಿನದಲ್ಲಿ ಇದೊಂದು ಸರಿಯಾಯಿತು ಎಂಬ ಜಂಬದಿಂದ ಅವರ ಕೈಗೆ ಕೊಟ್ಟೆ.

ಬಲಗಣ್ಣಿನ ಹತ್ತಿರ ತಂದು ನೋಡಿದರು. ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟು, "ಇದ ಖರೆ ಐತಿ" ಅಂದರು. ಬೆರಳು ತೆರೆದ ಕಣ್ಣಿಗೆ ಹೋಯಿತು.

"ಇದರಾಗ ಈ ಬಿಳಿ ಚುಕ್ಕಿ ಏನು?"

"ಹೊಳಪು ರೀ, ಅತ್ತಿ. ಹಂಗ ಬಿಟ್ರ ಜೀವ ಬರ್ತೈತಿ."

"ನೀರ ನಿಂತಂಗ ಕಾಣ್ತೈತಿ. ನಾ ನಿನ್ನೆ ಅತ್ತಿಲ್ಲ. ಅಡಗಿಮನ್ಯಾಗ ನಿಂತ ಅತ್ತಾಕಿ ನೀ. ನಿನ್ನ ಕಣ್ಣ ತಂದ ನನಗ ಹಚ್ಚೀದಿ. ಆ ಸ್ಟುಡಿಯೋ ಹುಡುಗ ಮಾಡಿದ್ದೂ ಅದನ."

ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಮತ್ತೆ ಮೊದಲಿನಂತೆ ನೆಟ್ಟಗೆ ಕೂತರು.

"ರಬ್ಬರ ಐತಿಲ್ಲ? ಅಳಸು. ಇನ್ನೊಮ್ಮೆ ತಗಿ."