ಮಾವನವರ ಸರ್ವರು, ಷಡ್ಡಕನ ಭಾಗ್ಯ

ಬೆಳಗ್ಗೆಯಿಂದ ನಮ್ಮ ಮನೆಯಲ್ಲಿ ವಿಭೂತಿಯ ವಾಸನೆ. ನಾಳೆ ವರಮಹಾಲಕ್ಷ್ಮಿ ಹಬ್ಬ. ನನ್ನ ಹೆಂಡತಿ ಹಳೆಯ ಪಂಚೆಯ ತುಂಡಿಗೆ ವಿಭೂತಿ ಹಚ್ಚಿಕೊಂಡು ಬೆಳ್ಳಿ ಸಾಮಾನು ತಿಕ್ಕುತ್ತಿದ್ದಾಳೆ. ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲು ಇವುಗಳ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಕೊನೆಗೆ ಒಂದು ಬೆಳ್ಳಿ ಲೋಟ ಕೈಗೆತ್ತಿಕೊಂಡಳು ನೋಡಿ, ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದಿತು. ಬೆಳ್ಳಿ ಲೋಟ ಕಂಡರೆ ಹೊಟ್ಟೆ ಉರಿಸಿಕೊಳ್ಳುವ ಗಂಡಸು ಇಡೀ ತ್ಯಾಗರಾಜನಗರದಲ್ಲಿ ನಾನೊಬ್ಬನೇ ಇರಬೇಕು. ಕಾರಣ ಹೇಳುತ್ತೇನೆ, ನೀವು ಬೇಕಾದರೆ ನಗಿ. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ ಈಗ ಬಿಟ್ಟಿದ್ದಾಳೆ.

ನನಗೊಬ್ಬ ಷಡ್ಡಕ ಇದ್ದಾನೆ, ಶ್ರೀಧರ ಅಂತ. ನನ್ನ ನಾದಿನಿಯ ಗಂಡ, ವೈಯಾಲಿಕಾವಲ್‌ನಲ್ಲಿ ಮನೆ. ಇಬ್ಬರು ಅಳಿಯಂದಿರನ್ನು ಅಕ್ಕಪಕ್ಕ ಊಟಕ್ಕೆ ಕೂರಿಸಿದರೆ ಪಕ್ಕದ ಎಲೆಗೆ ಬಿದ್ದ ತುಪ್ಪವೇ ಜಾಸ್ತಿ ಕಾಣುವುದು ಲೋಕರೂಢಿ. ಅಷ್ಟು ಮಾತ್ರ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಇವನು ಕೈ ಹಾಕಿದ್ದು ನನ್ನ ವಿದ್ಯೆಗೇ. ನಾನು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ತಲೆ ನೆರೆಸಿಕೊಂಡವನು. ಲಿನಕ್ಸ್ ಸರ್ವರುಗಳನ್ನು ಹಸು ಸಾಕಿದ ಹಾಗೆ ಸಾಕಿದವನು. ಅವನೋ ಔಷಧಿ ಕಂಪನಿಯಲ್ಲಿ ಮಾರಾಟದ ಕೆಲಸದವನು. ಕಂಪ್ಯೂಟರು ಅವನಿಗೆ ಹವ್ಯಾಸ. ಹವ್ಯಾಸ ಅಂದರೆ ಒಂದನ್ನು ಸರಿಮಾಡಿ ಎರಡನ್ನು ಕೆಡಿಸುವುದು.

ನಮ್ಮ ಮಾವನವರು ಚಾಮರಾಜಪೇಟೆಯವರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ದಿನಾ ಬೆಳಗ್ಗೆ ಹಳೆಯ ಶಿಷ್ಯರಿಗೆಲ್ಲ ಒಂದೊಂದು ಲೆಕ್ಕದ ಒಗಟನ್ನು ಮೇಲ್ ಮಾಡುವ ಅಭ್ಯಾಸ ಇಟ್ಟುಕೊಂಡರು. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರಬೇಕು, ಅವರು ತಿದ್ದಬೇಕು, ಆಮೇಲೆಯೇ ಊಟ. ಈ ಶ್ರೀಧರ ಏನು ಮಾಡಿದ ಅಂದರೆ, ಯಾವುದೋ ಕಂಪನಿಯ ಹಂಗು ನಿಮಗ್ಯಾಕೆ ಮಾವ ಅಂತ ಪುಸಲಾಯಿಸಿ, ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಅವರ ಮೇಲು, ಒಗಟುಗಳ ವೆಬ್‌ಸೈಟು ಎರಡನ್ನೂ ಅದರಲ್ಲೇ ನಡೆಯುವ ಹಾಗೆ ಮಾಡಿ, ನಡುಮನೆಯ ಗೂಡಿನಲ್ಲಿ ಪ್ರತಿಷ್ಠಾಪಿಸಿದ. ಅತ್ತೆಯವರು ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಇಟ್ಟರು. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

ಸರ್ವರು ವಾರಕ್ಕೊಮ್ಮೆ ತಪ್ಪದೆ ಕೈಕೊಡುತ್ತಿತ್ತು. ಆಗ ಮಾವನವರು ಫೋನು ಹಿಡಿಯುತ್ತಿದ್ದರು. ಒಂದು ಸಲ ನಾನು ಎದುರಿಗೇ ಇದ್ದೆ.

"ಏನೋ ಶ್ರೀಧರ, ನಿನ್ನ ಡಬ್ಬ ಮತ್ತೆ ಮಲ್ಕೊಂಡಿದೆ. ಬಂದು ಎಬ್ಬಿಸ್ತೀಯೋ, ಗುಜರಿಗೆ ಹಾಕ್ಲೋ?"

ಅವನು ಊರಿನ ಆ ತುದಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ. ಮಾವನವರ ಪಕ್ಕ ಮಣೆ ಹಾಕಿಕೊಂಡು ಕೂತು, ಏನೇನೋ ಟೈಪು ಮಾಡಿ, ತಪ್ಪಿ, ಬೈಸಿಕೊಂಡು, ಅಡುಗೆಮನೆಗೆ ಹೋಗಿ ತಾನೇ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು, ಅತ್ತೆಯವರಿಂದಲೂ ಇಷ್ಟು ಬೈಸಿಕೊಂಡು ಬರುತ್ತಿದ್ದ. ಹತ್ತಿರದಲ್ಲೇ ಇರುವ ಹಿರಿಯ ಅಳಿಯ, ಇದನ್ನೇ ಕಸುಬು ಮಾಡಿಕೊಂಡವನು, ಸೋಫಾದ ಮೇಲೆ ದಿನಪತ್ರಿಕೆ ಹಿಡಿದು ಕೂತಿರಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ನೆನೆಸಿಕೊಂಡರೆ ಉರಿಯುತ್ತದೆ.

ಒಮ್ಮೆ ಶ್ರೀಧರ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದಾಗ ಸರ್ವರು ನಿಂತಿತು. ನನ್ನ ಹೆಂಡತಿಯ ಮೂಲಕ ಸುದ್ದಿ ಬಂತು. ನಾನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಟೆ ಅಂದರೆ ನನ್ನ ಉತ್ಸಾಹ ನಿಮಗೆ ಅರ್ಥವಾದೀತು. ನೋಡಿದರೆ ಮನೆಯೊಳಗೆ ವೆಬ್‌ಸೈಟು ಚೆನ್ನಾಗಿಯೇ ತೆರೆಯುತ್ತಿದೆ, ನನ್ನ ಮೊಬೈಲಿನಿಂದ ನೋಡಿದರೆ ಇಲ್ಲ. ಸರ್ವರಿನಿಂದ ಹೊರಗೆ ಪಿಂಗ್ ಮಾಡಿದೆ, ಅಂದರೆ ಯಾರಾದರೂ ಓಗೊಡುತ್ತಾರಾ ಅಂತ ಕೂಗಿ ನೋಡಿದೆ, ಉತ್ತರ ಬಂತು. ಅಂದಮೇಲೆ ತಂತಿ ಸರಿಯಿದೆ, ಹೆಸರಿನಲ್ಲಿ ಎಡವಟ್ಟಾಗಿದೆ. ಇಂಟರ್‌ನೆಟ್ಟಿನವರು ಈ ಮನೆಗೆ ಹೊಸ ನಂಬರಿನ ವಿಳಾಸ ಕೊಟ್ಟಿದ್ದಾರೆ, ಮಾವನವರ ವೆಬ್‌ಸೈಟಿನ ಹೆಸರು ಮಾತ್ರ ಹಳೆಯ ವಿಳಾಸವನ್ನೇ ತೋರಿಸುತ್ತಿದೆ. ಹುಡುಕಿಕೊಂಡು ಬಂದವರೆಲ್ಲ ಖಾಲಿ ಮಾಡಿದ ಮನೆಯ ಬಾಗಿಲು ತಟ್ಟುತ್ತಿದ್ದಾರೆ. ಇಲ್ಲಿಂದ ಹೋದ ಇ-ಮೇಲನ್ನೂ, ಇವನ್ಯಾರೋ ಹೊಸ ವಿಳಾಸದಿಂದ ಹಳೆಯ ಹೆಸರು ಹೇಳುತ್ತಿದ್ದಾನೆ ಅಂತ ಎಲ್ಲರೂ ಹಿಂದಕ್ಕೆ ಕಳಿಸುತ್ತಿದ್ದಾರೆ.

ಇಷ್ಟು ಯಾರಾದರೂ ಹೇಳಿಯಾರು. ವಿಳಾಸ ವಾರವಾರವೂ ಯಾಕೆ ಬದಲಾಗುತ್ತಿದೆ? ಶ್ರೀಧರ ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ ಅದು. ನಾನು ಅತ್ತೆಯವರನ್ನು ವಿಚಾರಿಸಿದೆ. ಗುರುವಾರ ಸಂಜೆ ಮನೆಮಂದಿಯೆಲ್ಲ ಮಠಕ್ಕೆ ಹೋಗುತ್ತಾರೆ. ಹೊರಡುವಾಗ ಗ್ಯಾಸ್ ಆರಿಸಿ, ನಲ್ಲಿ ನೋಡಿ, ಕಡೆಗೆ ಕರೆಂಟಿನ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುತ್ತಾರೆ. ಮದುವೆಯಾಗಿ ಬಂದಾಗ ಅವರ ಅತ್ತೆ ಕಲಿಸಿದ ಪದ್ಧತಿಯಂತೆ. ಬಂದು ಮತ್ತೆ ಮೇನ್ ಏರಿಸಿದಾಗ ಇಂಟರ್‌ನೆಟ್ಟಿನ ಡಬ್ಬಕ್ಕೆ ಹೊಸ ವಿಳಾಸ ಸಿಗುತ್ತದೆ. ಪದ್ಧತಿಯನ್ನು ನಾನು ಮುಟ್ಟಲಿಲ್ಲ. ವಿಳಾಸ ಬದಲಾದಾಗಲೆಲ್ಲ ಹೆಸರನ್ನು ತಾನೇ ಸರಿಪಡಿಸಿಕೊಳ್ಳುವ ಸಣ್ಣ ಪ್ರೋಗ್ರಾಮು ಬರೆದೆ. ಇನ್ನು ಈ ಜನ್ಮದಲ್ಲಿ ಈ ತೊಂದರೆ ಬರುವುದಿಲ್ಲ ಅಂದೆ. ಬರಲೂ ಇಲ್ಲ.

ಅತ್ತೆಯವರು ಕಾಫಿ ತಂದರು, ಬೆಳ್ಳಿ ಲೋಟದಲ್ಲಿ. ಮಾವನವರು ಎದ್ದು ನಿಂತು, "ನಿಮಗೆ ಬಹಳ ತೊಂದ್ರೆ ಕೊಟ್ವಿ," ಅಂದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಬೆಳ್ಳಿ ಲೋಟವನ್ನು ಅಷ್ಟು ವರ್ಷ ನಾನು ಹಿರಿಯ ಅಳಿಯನಿಗೆ ಸಲ್ಲುವ ಮರ್ಯಾದೆ ಅಂದುಕೊಂಡಿದ್ದೆ. ಅವತ್ತು ಬಸ್ಸಿನಲ್ಲಿ ಕೂತು ಯೋಚಿಸಿದೆ. ಬೆಳ್ಳಿ ಲೋಟ ಇರುವುದು ಬಂದುಹೋಗುವವರಿಗೆ. ಶ್ರೀಧರನಿಗೆ ಸ್ಟೀಲ್ ಲೋಟ, ಏಕವಚನ, ಬೈಗುಳ. ನನಗೆ ಬೆಳ್ಳಿ, ಬಹುವಚನ, ಉಪಕಾರಸ್ಮರಣೆ. ಸರಿಮಾಡಿದ್ದಕ್ಕೆ ಧನ್ಯವಾದ ಹೇಳಿ ನನ್ನನ್ನು ಕಳಿಸಿಕೊಟ್ಟರು, ಕೆಡಿಸಿದವನನ್ನು ಮನೆಮಗ ಮಾಡಿಕೊಂಡರು. ತಮಾಷೆಯೆಂದರೆ ಸರ್ವರು ಕೆಡುವುದು ನಿಂತ ಮೇಲೂ ಅವನು ವಾರಕ್ಕೊಮ್ಮೆ ಬರುವುದು ನಿಲ್ಲಲಿಲ್ಲ. ಎಲ್ಲ ಸರಿಯಿದೆಯಾ ನೋಡಿಹೋಗೋಣ ಅಂತ ಬರುತ್ತಿದ್ದ. ನನಗೆ ಅಷ್ಟೂ ಹೊಳೆಯಲಿಲ್ಲ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಫೋನು ಬಂತು. ಮಾವನವರು.

ಹೋದ ವಾರ ನಾನು ಅವರ ಸರ್ವರಿಗೆ, ಯಾರೂ ಕೇಳದೆಯೇ, ಕಸದ ಮೇಲುಗಳನ್ನು ಸೋಸುವ ಜರಡಿಯೊಂದನ್ನು ಹಾಕಿ ಬಂದಿದ್ದೆ. ಬಿಗಿಯಾಗಿಯೇ ಹಾಕಿದ್ದೆ. ಒಗಟಿನ ಉತ್ತರ ಬರೆಯುವ ಶಿಷ್ಯರು ಮೇಲಿನಲ್ಲಿ ಇನ್ನೇನೂ ಬರೆಯದೆ ಬರೀ ಒಂದು ಸಂಖ್ಯೆ ಹಾಕಿ ಕಳಿಸುತ್ತಾರೆ ಅನ್ನುವುದು ನನಗೆ ತಿಳಿದಿರಲಿಲ್ಲ. ಬರೀ ಸಂಖ್ಯೆಯ ಮೇಲು ಜರಡಿಯ ಕಣ್ಣಿಗೆ ಶುದ್ಧ ಕಸ.

"ಏನಯ್ಯಾ, ಯಾರು ಹೇಳಿದ್ರು ನಿಂಗೆ ಜರಡಿ ಹಾಕು ಅಂತ? ವಾರದಿಂದ ಒಬ್ಬನೂ ಉತ್ತರ ಬರ್ದಿಲ್ಲ, ಇನ್ನು ನಾನು ಯಾರಿಗೂ ಬೇಡ ಅಂದ್ಕೊಂಡು ಕೂತಿದ್ದೆ. ನೋಡಿದ್ರೆ ಎಲ್ಲಾ ನಿನ್ನ ಕಸದ ಬುಟ್ಟೀಲಿ ಬಿದ್ದಿದೆ. ಬುದ್ಧಿ ಇದೆಯೇನಯ್ಯಾ ನಿಂಗೆ? ಎದ್ದು ಬಾ."

ಮುದುಕರು ವಾರವೆಲ್ಲ ನೊಂದಿದ್ದರಲ್ಲ, ಪಾಪ ಅನ್ನಿಸಿತು. ಆದರೂ ಬಂದೆ ಮಾವ, ಬಂದೆ ಅನ್ನುವಾಗ ನನ್ನ ಮುಖ ಹೇಗಿತ್ತೋ, ಹೆಂಡತಿ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮತ್ತೆ ಫೋನು. ಈ ಸಲ ವೈಯಾಲಿಕಾವಲ್‌ನಿಂದ, ಅತ್ತೆಯವರು ಆಗಲೇ ಅಲ್ಲಿಗೂ ಸುದ್ದಿ ಮುಟ್ಟಿಸಿರಬೇಕು. ಶ್ರೀಧರನ ದನಿ ಸ್ವಲ್ಪ ಇಳಿದಿತ್ತು.

"ಭಾವ, ಮಾವ ನಿಮಗೆ ಬೈದ್ರಂತೆ?"

"ಹೂಂ. ಚೆನ್ನಾಗೇ ಬೈದ್ರು."

"ನೀನು ಅಂತ, ಏಕವಚನದಲ್ಲೇನಾ?"

"ಹೂಂ ಕಣೋ."

ತಾನೂ ಸ್ಕೂಟರಿನಲ್ಲಿ ಬಂದುಬಿಡಲೇ ಅಂತ ಕೇಳಿದ.

"ಬೇಡ," ಅಂದೆ. "ನಾನು ಕೆಡಿಸಿರೋದು. ನಾನೇ ನೋಡ್ಕೋತೀನಿ."