ಎದುರುಮನೆಯ ಸಾಹೇಬರ ಬೈಗುಳ

ಅವರ ಬೆರಳ ತುದಿಗಳು ಸದಾ ಬಿಳಿಚಿಕೊಂಡು, ನೆನೆಹಾಕಿದ ಕಡಲೆಯ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಬಿಸಿನೀರಿನ ತೊಟ್ಟಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಹುಡುಕುವವರ ಬೆರಳುಗಳೇ ಹಾಗೆ. ಆ ಬೆರಳನ್ನು ಮೇಲೆತ್ತಿ ಆಡಿಸುತ್ತ ಅವರು ನಗರಸಭೆಯನ್ನು ಬೈಯಲು ಶುರು ಮಾಡಿದರೆ, ರಾಮನಗರದ ಗೂಡಿನ ಮಾರುಕಟ್ಟೆಯಿಂದ ಮನೆಗೆ ಹೊರಟವರೂ ಗಾಡಿ ನಿಲ್ಲಿಸಿ ಕೇಳುತ್ತಿದ್ದರು. ಎದುರುಮನೆಯ ಸಾಹೇಬರು ಅಂತಲೇ ನಾವು ಅವರನ್ನು ಕರೆಯುತ್ತಿದ್ದುದು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವುದು ಅವರ ಕಸುಬು. ನಮ್ಮ ಬೀದಿಯಲ್ಲಿ ಹೆಚ್ಚುಕಮ್ಮಿ ಎಲ್ಲರ ಕಸುಬೂ ಅದೇ.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ನಾನು ಬಣ್ಣ, ಸಿಮೆಂಟಿನ ಅಂಗಡಿ ಇಟ್ಟವನು. ನಾಲ್ಕು ಜನ ಬಂದು ಕೂರಲಿ, ಊರಿನ ವಿಚಾರ ಮಾತಾಡಲಿ ಅಂತ ಅಂಗಡಿ ಮುಂದೆ ಬೆಂಚು ಹಾಕಿಸಿದ್ದೆ, ಪೇಪರ್ ತರಿಸುತ್ತಿದ್ದೆ, ಬಂದವರಿಗೆ ಟೀ ಕೂಡ. ಜನ ಟೀ ಕುಡಿದು, ಪೇಪರ್ ಮಡಚಿಟ್ಟು, ಕಂದಾಯದ ವಿಷಯ ಕೇಳಬೇಕಾದಾಗ ರಸ್ತೆ ದಾಟಿ ಅವರ ಜಗಲಿಗೆ ಹೋಗುತ್ತಿದ್ದರು. ಹೋಗಲಿ ಅಂದರೆ, ನಮ್ಮಪ್ಪನೂ ಅಲ್ಲಿಗೇ. ನನ್ನ ಹೆಂಡತಿ ಮಾಡಿದ ಕಾಫಿ ಕುಡಿದು, ಟವಲ್ಲು ಹೆಗಲಿಗೆ ಹಾಕಿಕೊಂಡು, ನನ್ನ ಮುಂದೆಯೇ ಎದ್ದು ಹೋಗಿಬಿಡುತ್ತಿದ್ದರು. ನನ್ನ ಜೊತೆ ಅಪ್ಪ ಆಡುತ್ತಿದ್ದ ಮಾತು ಅಂದರೆ ಊಟ ಆಯಿತಾ, ಬಾಗಿಲು ಹಾಕಿದೆಯಾ, ಅಷ್ಟೇ. ಅಲ್ಲಿ ಮಾತ್ರ ಇಬ್ಬರೂ ತಲೆಗೆ ತಲೆ ಸೇರಿಸಿ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಸಾಹೇಬರ ಅಭಿಪ್ರಾಯಗಳೆಲ್ಲ ಸರಿಯಾಗಿದ್ದವು ಅಂತೇನಿಲ್ಲ. ಸರ್ಕಲ್ಲಿನಲ್ಲಿ ಹೂವಿನ ಕುಂಡ ಇಟ್ಟರೆ, ಅದು ರಸ್ತೆಯ ಗುಂಡಿ ಮುಚ್ಚದೆ ತಪ್ಪಿಸಿಕೊಳ್ಳುವ ಉಪಾಯ ಅನ್ನುತ್ತಿದ್ದರು. ಪಾರ್ಕಿಗೆ ಕಾಂಪೌಂಡ್ ಯಾಕೆ, ಹುಲ್ಲು ಓಡಿಹೋಗುತ್ತದಾ ಅಂತ ವಾರಗಟ್ಟಲೆ ವಾದ ಮಾಡಿದ್ದರು. ಹಗಲು ಹೊತ್ತು ಬೀದಿದೀಪ ಉರಿಯುವುದನ್ನು ಕಂಡರಂತೂ ತಮ್ಮ ಮನೆಗೇ ಬೆಂಕಿ ಬಿದ್ದಂತೆ ಕೂಗಾಡುತ್ತಿದ್ದರು. ನಾನು ಹಾಗೆ ಕೂಗಾಡಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಅವರು ಕೂಗಾಡಿದರೆ ವಾರ್ಡಿನ ಮೆಂಬರ್ ತಾನೇ ಬಂದು ದೀಪ ಆರಿಸಿ ಹೋಗುತ್ತಿದ್ದ.

ಅದಕ್ಕೆ ಕಾರಣ ಇತ್ತು. ಕಂದಾಯಕ್ಕೆ ಮನೆಯ ವಿವರ ನಾವೇ ಬರೆದುಕೊಡಬೇಕಲ್ಲ, ಆಗ ನಮ್ಮ ಬೀದಿಯವರೆಲ್ಲ ಹಿತ್ತಿಲಿನ ರೀಲಿಂಗ್ ಶೆಡ್ಡನ್ನು ದನದ ಕೊಟ್ಟಿಗೆ ಅಂತ ಬರೆಯುವುದು ವಾಡಿಕೆ. ಶೆಡ್ ಅಂದರೆ ವ್ಯಾಪಾರದ ತೆರಿಗೆ, ಕೊಟ್ಟಿಗೆ ಅಂದರೆ ಹೆಚ್ಚೇನೂ ಇಲ್ಲ. ಬಾಡಿಗೆಗೆ ಕೊಟ್ಟಿದ್ದ ನಮ್ಮ ಶೆಡ್ಡೂ ಕಾಗದದಲ್ಲಿ ಕೊಟ್ಟಿಗೆಯೇ. ಸಾಹೇಬರೊಬ್ಬರು ಮಾತ್ರ ಶೆಡ್ ಅಂತಲೇ ಬರೆದು, ಅದರ ತೆರಿಗೆ ಕಟ್ಟಿ ಬರುತ್ತಿದ್ದರು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ. "ಪೂರ್ತಿ ಕಟ್ತೀನಿ, ಪೂರ್ತಿ ಬೈತೀನಿ."

ಹೊಸ ಒಳಚರಂಡಿ ಬಂದ ವರ್ಷ ನನಗೊಂದು ಅವಕಾಶ ಸಿಕ್ಕಿತು. ಪೈಪು ಸಣ್ಣದು. ಅಷ್ಟೂ ಶೆಡ್ಡುಗಳ ಗೂಡು ಬೇಯಿಸಿದ ನೀರು ಅದರಲ್ಲಿ ಹಿಡಿಯದೆ, ಸತ್ತ ಹುಳುಗಳ ಸಮೇತ ಬೀದಿಗೆ ಉಕ್ಕಿತು. ಆ ನಾತ ಹೇಳತೀರದು. ನಗರಸಭೆ ಚುನಾವಣೆಗೆ ನಿಲ್ಲಬೇಕು ಅಂತ ನಾನು ಒಳಗೊಳಗೇ ತಯಾರಿ ನಡೆಸಿದ್ದ ಕಾಲ ಅದು. ಅಂಗಡಿ ಮುಂದೆ ಬೀದಿಯವರನ್ನೆಲ್ಲ ಸೇರಿಸಿ, ಪೈಪ್ ಬದಲಾಯಿಸುವವರೆಗೂ ಯಾರೂ ಕಂದಾಯ ಕಟ್ಟಬಾರದು ಅಂತ ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ಅಪ್ಪ ಕೂಡ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಆಗ ಸಾಹೇಬರು ರಸ್ತೆ ದಾಟಿ ಬಂದರು.

"ಮುನ್ಸಿಪಾಲ್ಟಿಯೋರು ನೀವ್ ಬರ್ಕೊಟ್ಟಿರೋ ಕೊಟ್ಟಿಗೆಗೆ ತಕ್ಕಂಗೆ ಪೈಪ್ ಹಾಕವ್ರೆ. ಅವ್ರುನ್ನ ಏನಂತ ಬೈಯಾನ? ನಿಮ್ ಕೊಟ್ಟಿಗೇಲಿರೋ ಹಸ ಒಸಿ ತೋರ್ಸಿ ನೋಡಾನ."

ಜನ ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಶೆಡ್ ಅಂತ ತಿದ್ದಿ ಬರೆದುಕೊಡೋಣ, ತೆರಿಗೆ ಕಟ್ಟೋಣ, ಆಮೇಲೆ ಹೋಗಿ ಜಗಳಕ್ಕೆ ನಿಲ್ಲೋಣ ಅಂತ ಸಾಹೇಬರು ಹೇಳಿದರು. ಕಟ್ಟಬೇಡಿ ಅಂದ ನನ್ನನ್ನು ಬಿಟ್ಟು, ಜಾಸ್ತಿ ಕಟ್ಟಿ ಅಂದವರ ಹಿಂದೆ ಜನ ಹೋದರು. ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ತಿದ್ದಿ ಬರೆದುಕೊಟ್ಟವರು ನಮ್ಮಪ್ಪ. ಆಮೇಲೆ ಜಗಳ ಆಯಿತು, ದೊಡ್ಡ ಪೈಪು ಬಂತು, ಅದು ಬೇರೆ ಮಾತು.

ಆದರೂ ಚುನಾವಣೆಗೆ ನಿಂತೆ. ಸಾಹೇಬರು ಹೂಂ ಅನ್ನದೆ ನಮ್ಮ ವಾರ್ಡಿನಲ್ಲಿ ಗೆಲ್ಲಲಾಗದು ಅಂತ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಅವರ ಜಗಲಿ ಹತ್ತಿದೆ. ಪಕ್ಕದಲ್ಲೇ ಕೂತಿದ್ದ ಅಪ್ಪ ತಲೆ ತಗ್ಗಿಸಿದರು. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓಟ್ ಹಾಕ್ತೀನಿ ಕಣಪ್ಪ, ಹಾಕುಸ್ತೀನಿ. ಆದ್ರೆ ಗೆದ್ದ ದಿವ್ಸದಿಂದ ನಿನ್ನೇ ಬೈಯಾದು. ಒಪ್ಗೆ ಐತಾ?"

ಒಪ್ಪಿದೆ. ಗೆದ್ದೆ. ಹಾರ ಹಾಕಿಸಿಕೊಂಡು ಮೆರವಣಿಗೆಯಲ್ಲಿ ಬಂದರೆ, ಜನ ನನ್ನನ್ನು ಸೀದಾ ಅವರ ಜಗಲಿಗೇ ಕರೆದೊಯ್ದು ಮೊದಲ ಲಾಡು ಅವರ ಬಾಯಿಗಿಟ್ಟರು. ಗೆದ್ದವನು ನಾನೋ ಅವರೋ ಅಂತ ನನಗೇ ಅನುಮಾನ ಬಂತು.

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ನನ್ನ ಸ್ಕೂಟರ್ ಕಂಡರೆ ಸಾಕು, ಅಡ್ಡ ಬಂದು ನಿಲ್ಲುತ್ತಿದ್ದರು. ನೀರು ಬಿಡದ ದಿನ, ಬಾರದ ಕಸದ ಗಾಡಿ, ಸಭೆಯಲ್ಲಿ ನಾನು ಬಾಯಿ ಬಿಡದೆ ಕೂತಿದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಬಸ್ ತಂಗುದಾಣ ಕಟ್ಟಿಸಿ ಅದರ ಮೇಲೆ ನನ್ನ ಹೆಸರು ದೊಡ್ಡದಾಗಿ ಬರೆಸಲು ಹೊರಟಾಗ, ಪೇಂಟರ್ ಮುಂದೆಯೇ ಅಂದರು: "ಕಂದಾಯ ಕಟ್ದೋರ ಹೆಸ್ರೆಲ್ಲ ಬರ್ಸು. ಜಾಗ ಮಿಕ್ಕುದ್ರೆ ನಿಂದೂ ಬರ್ಸು." ಆ ತಂಗುದಾಣ ಇವತ್ತಿಗೂ ಹೆಸರಿಲ್ಲದೆ ನಿಂತಿದೆ. ಮೆಂಬರ್ ಕೆಲಸ ಚೆನ್ನಾಗಿ ಮಾಡುತ್ತಾನೆ ಅಂತ ವಾರ್ಡಿನವರು ಹೊಗಳಿದ್ದೂ ಉಂಟು. ಹೊಗಳಿದ ಬಾಯಲ್ಲೇ, ಸಾಹೇಬರು ಸುಮ್ಮನೆ ಬಿಡಬೇಕಲ್ಲ ಅಂತ ಸೇರಿಸುತ್ತಿದ್ದರು. ನನ್ನ ಬೆವರಿಗೂ ಅವರಿಗೇ ಹೆಸರು.

ಹೋದ ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು. ಉಸಿರಾಟದ ತೊಂದರೆ ಅವರನ್ನು ಬಹಳ ದಿನದಿಂದ ಕಾಡುತ್ತಿತ್ತು. ಮಂಡಿನೋವಿನ ನಮ್ಮಪ್ಪ, ಯಾರು ಬೇಡ ಅಂದರೂ ಕೇಳದೆ ಖಬರಸ್ತಾನದವರೆಗೆ ನಡೆದರು, ಸ್ವಲ್ಪ ದೂರ ಹೆಗಲೂ ಕೊಟ್ಟರು. ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದವರು ಹಾಗೇ ಅಳಲು ಶುರು ಮಾಡಿದರು. ಅಜ್ಜಿ ಸತ್ತಾಗಲೂ ಅಪ್ಪ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಸತ್ತರೆ ಇಷ್ಟು ಅಳುತ್ತಿದ್ದರಾ ಅನ್ನುವ ಯೋಚನೆ ಆ ಹೊತ್ತಿನಲ್ಲೂ ಬಂತು. ಏನಾದರೂ ಸಮಾಧಾನ ಹೇಳಬೇಕಲ್ಲ ಅಂತ, ಇನ್ನು ನನ್ನನ್ನು ಬೈಯುವವರೇ ಇಲ್ಲ ಬಿಡಪ್ಪ ಅಂದೆ.

ಅಪ್ಪ ಚೊಂಬು ಕೆಳಗಿಟ್ಟರು.

"ನಾನೇ ಬೈಯ್ಸಿದ್ದು ಕಣ್ಲಾ. ನೀನು ಎಲೆಕ್ಷನ್‌ಗೆ ನಿಂತಾಗ್ಲೇ ಅವ್ರ ಕೈ ಹಿಡ್ಕಂಡು ಕೇಳ್ಕಂಡಿದ್ದೆ. ನನ್ ಮಗ ಕೆಟ್ಟೋಗ್ಬಾರ್ದು, ಬೈತಾ ಇರಿ ಅಂತ. ನಾನ್ ಬೈದ್ರೆ ನೀನು ಕೇಳ್ತಿರ್ನಿಲ್ವಲ್ಲ. ದಿನಾ ನಿಂದೇ ಮಾತು ನಮ್ದು."

ನನ್ನ ಬಗ್ಗೆ ಅಪ್ಪ ಎಲ್ಲೆಲ್ಲಿ ಹೆದರಿದ್ದರೋ, ಯಾವುದಕ್ಕೆ ಹೆಮ್ಮೆಪಟ್ಟಿದ್ದರೋ, ಅದನ್ನೆಲ್ಲ ಕೇಳಿಸಿಕೊಂಡವರು ಸಾಹೇಬರು. ಅದರಲ್ಲಿ ನನಗೆ ದಾಟಿಸಿದ್ದು ಬೈಗುಳ ಮಾತ್ರ. ಮಿಕ್ಕಿದ್ದನ್ನು ಒಂದು ಮಾತೂ ಹೇಳದೆ ಜೊತೆಗೇ ತೆಗೆದುಕೊಂಡು ಹೋದರು. ಅವರ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆಕಿಚ್ಚು ಮೊದಲಿಗಿಂತ ಹೆಚ್ಚಾಗಿದೆ.