ಯಂಜ್ಮಾ ಕುದುರೆಯಿಂದ ಇಳಿದದ್ದು

ಯಂಜ್ಮಾಳ ಕಾಲು ಮುರಿದದ್ದು ಬೂದನ ತಪ್ಪಲ್ಲ. ಇದನ್ನು ಅವಳು ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟ ಕೂಡಲೇ ಹೇಳಿದಳು. ಆಮೇಲೆ ಕೇಳಿದವರಿಗೂ ಹೇಳಿದಳು, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳಿದಳು. ವಸಂತ ಶುರುವಾದರೂ ಬಿಡದ ಹಿಮ, ಕಡಿದಾದ ಇಳಿಜಾರು, ತಪ್ಪಿಸಿಕೊಂಡ ಮರಿಯ ಹಿಂದೆ ಓಟ. ಕುದುರೆ ಜಾರಿತು, ಮೇಲಿದ್ದವಳು ಕೆಳಗಾದಳು, ಕೆಳಗಿದ್ದವನು ಮೇಲಾದ.

"ಅವನು ಬಿದ್ದ, ಮಧ್ಯೆ ನನ್ ಕಾಲಿತ್ತು. ಅಷ್ಟಕ್ಕೆ ಅವನನ್ನ ಯಾಕೆ ಬೈತೀರಾ?"

ಬೂದ ಎಂದರೆ ಬೂದಿಬಣ್ಣದ, ಬೀಜ ಒಡೆಸಿದ ಕುದುರೆ. ಆ ಕಣಿವೆಯಲ್ಲಿ ಕುದುರೆಗಳಿಗೆ ಬಣ್ಣವೇ ಹೆಸರು. ಬೇರೆ ಹೆಸರಿಡುವುದು ಗಂಡಂದಿರಿಗೆ. ಕರೆದರೆ ಬರದಿರುವುದರಲ್ಲಿ ಇಬ್ಬರೂ ಒಂದೇ ಎಂಬುದು ಯಂಜ್ಮಾಳ ಅಭಿಪ್ರಾಯ.

ಅವಳು ನಡೆಯುವುದಕ್ಕಿಂತ ಮೊದಲು ಸವಾರಿ ಕಲಿತವಳು. ಅಪ್ಪ ಅವಳನ್ನು ಜೀನಿಗೆ ಬಟ್ಟೆಯಿಂದ ಕಟ್ಟಿ ಕುರಿ ಕಾಯಲು ಹೋಗುತ್ತಿದ್ದ. ಹಾಲುಹಲ್ಲು ಬೀಳುವ ವಯಸ್ಸಿಗೆ ಬೇಸಿಗೆಯ ಪಂದ್ಯದಲ್ಲಿ ಕುದುರೆ ಓಡಿಸಿ, ಗೆದ್ದು, ಬಹುಮಾನ ಕೊಡಲು ಬಂದ ದೊಡ್ಡ ಮನುಷ್ಯನ ಬೂಟಿನ ಮೇಲೆ ವಾಂತಿ ಮಾಡಿಕೊಂಡಿದ್ದಳು. ಮದುವೆಯ ದಿನ ಗಂಡನ ಮನೆಗೆ ಬರುವಾಗ ಗಂಡ ಪೂರೆವ್‌ನ ಟೋಪಿ ಗಾಳಿಗೆ ಹಾರಿತು. ಅವನು ಅದರ ಹಿಂದೆ ಓಡಿದ, ಇವಳು ನಿಲ್ಲದೆ ಬಂದು ಮೊದಲು ತಲುಪಿದಳು. ಇಬ್ಬರು ಹೆಣ್ಣುಮಕ್ಕಳನ್ನು ಹೆರುವ ವಾರದವರೆಗೂ ಕುದುರೆಯ ಮೇಲೇ ಇದ್ದಳು. ಈಗ ವಯಸ್ಸು ಅರವತ್ತರ ಹತ್ತಿರ, ಎಡಗಾಲಿನಲ್ಲಿ ಕಬ್ಬಿಣದ ಸರಳು.

"ಅಜ್ಜಿ, ಮೊಣಕಾಲು ಇನ್ನು ಮಡಚಲ್ಲ. ಕುದುರೆ ಸವಾರಿ ಬಿಟ್ಬಿಡಿ," ಎಂದ ಡಾಕ್ಟರ್.

"ನೀನು ಯಾವತ್ತಾದ್ರೂ ಕುದುರೆ ಹತ್ತಿದ್ದೀಯೇನಪ್ಪಾ?"

"ಇಲ್ಲ."

"ಹಾಗಾದ್ರೆ ಬಿಡೋದು ನಿನಗೆ ಸುಲಭ."

ಅವಳು ಅಲ್ಲಿ ಹೀಗೆ ಬಾಯಿ ಮಾಡುತ್ತಿದ್ದಾಗ ಇಲ್ಲಿ ಬಿಡಾರದಲ್ಲಿ ಪೂರೆವ್ ಒಂದು ಘನಕಾರ್ಯ ಮಾಡಿ ಮುಗಿಸಿದ್ದ. ತಮ್ಮ ಸೋದ್ನೋಮ್ ಸಮಾಧಾನ ಹೇಳಲು ಬಂದವನು ಬಾಟಲಿಯನ್ನೂ ತಂದಿದ್ದ. ಬಾಟಲಿ ಅರ್ಧವಾಗುವಷ್ಟರಲ್ಲಿ ಇಬ್ಬರೂ ಅತ್ತರು. ಖಾಲಿಯಾಗುವಷ್ಟರಲ್ಲಿ ಪೂರೆವ್ ಬೂದನನ್ನು ತಮ್ಮನಿಗೆ ಕೊಟ್ಟಿದ್ದ. ಸೋದ್ನೋಮ್‌ಗೆ ಆ ಕುದುರೆಯ ಮೇಲೆ ಬಹಳ ವರ್ಷಗಳಿಂದ ಕಣ್ಣು.

ಊರುಗೋಲು ಹಿಡಿದು ವಾಪಸು ಬಂದ ಯಂಜ್ಮಾ ಸುದ್ದಿ ಕೇಳಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಇನ್ನೂ ಉಸಿರಾಡ್ತಿದೀನಿ, ಆಗ್ಲೇ ನನ್ನ ಆಸ್ತಿ ಹಂಚಿಬಿಟ್ಯಾ?"

"ಮಾತು ಕೊಟ್ಟಾಯ್ತು, ಏನ್ಮಾಡ್ಲಿ? ತಮ್ಮ ಅವನು."

"ನಾನ್ಯಾರು? ದಾರೀಲಿ ಸಿಕ್ಕಿದವಳಾ?"

ಕೊಟ್ಟ ಮಾತನ್ನು, ಅದೂ ಬಟ್ಟಲು ಹಿಡಿದು ಒಡಹುಟ್ಟಿದವನಿಗೆ ಕೊಟ್ಟ ಮಾತನ್ನು, ಆ ಜನ ವಾಪಸು ಪಡೆಯುವುದಿಲ್ಲ. ಸೋದ್ನೋಮ್ ತಾನೇ ಉದಾರಿಯಾದ.

"ಹೋಗ್ಲಿ ಬಿಡು ಅತ್ತಿಗೆ. ಶರತ್ಕಾಲದ ಬಿಡಾರಕ್ಕೆ ಹೋಗೋ ದಿನ ನೀನೇ ಬೂದನ ಮೇಲೆ ಬಂದ್ರೆ ಅವನು ನಿನ್ನೋನು. ಯಾರೂ ಕೈ ಹಿಡೀಬಾರ್ದು, ಎತ್ತಬಾರ್ದು. ಲಾರೀಲಿ ಬಂದ್ರೆ ನನ್ನೋನು. ಅಲ್ಲೀವರೆಗೂ ನಿನ್ ಹತ್ರಾನೇ ಇರ್ಲಿ."

ಋತುವಿಗೊಂದು ಕಡೆ ನೆಲೆಸುವ ಆ ಜನರಲ್ಲಿ, ಬಿಡಾರ ಕೀಳುವ ದಿನ ಮನೆಯೊಡತಿ ಒಳ್ಳೆಯ ನಿಲುವಂಗಿ ತೊಟ್ಟು ಎಲ್ಲರಿಗಿಂತ ಮುಂದೆ ಕುದುರೆಯ ಮೇಲೆ ಹೋಗಬೇಕು. ಯಂಜ್ಮಾ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಲಾರಿಯಲ್ಲಿ ಬರುವುದು ಒಲೆ, ಪೆಟ್ಟಿಗೆ, ಕುಂಟುವ ಕುರಿ, ಇನ್ನು ಯಾವುದಕ್ಕೂ ಆಗದವರು. ಆ ಕೊನೆಯ ಗುಂಪಿಗೆ ತನ್ನನ್ನು ಸೇರಿಸುತ್ತಾರೆಂದು ನೆನೆದರೆ ಅವಳಿಗೆ ಮುರಿದ ಕಾಲಿಗಿಂತ ಹೆಚ್ಚು ನೋವಾಗುತ್ತಿತ್ತು.

ತೊಡಕು ಒಂದೇ. ಅಲ್ಲಿನ ಕುದುರೆಗಳನ್ನು ಹತ್ತುವುದು ಎಡಗಡೆಯಿಂದ ಮಾತ್ರ. ಎಡಗಾಲನ್ನು ಮಡಚಿ, ಜೀನಿನಿಂದ ತೂಗುವ ಕಾಲುಬಳೆಗೆ, ಅಂದರೆ ರಿಕಾಪಿಗೆ ಇಡಬೇಕು. ಯಂಜ್ಮಾಳ ಎಡಗಾಲು ಈಗ ಗುಡಾರದ ಗೂಟದ ಹಾಗೆ ನೆಟ್ಟಗಿತ್ತು. ಬಲಗಡೆಯಿಂದ ಹತ್ತೋಣವೆಂದರೆ, ಆ ಪಕ್ಕಕ್ಕೆ ಯಾರೇ ಬಂದರೂ ತೋಳ ಬಂತೆಂದೇ ಕುದುರೆಯ ನಂಬಿಕೆ. ಮೊದಲ ದಿನ ಅವಳು ಆ ಕಡೆಯಿಂದ ಹೋದಾಗ ಬೂದ ಒದ್ದ ಏಟಿಗೆ ಊರುಗೋಲು ಎರಡಾಯಿತು.

"ಊರುಗೋಲು ಹೋದ್ರೆ ಹೋಗ್ಲಿ, ಇನ್ನೊಂದು ಕಾಲು ಉಳೀತಲ್ಲ," ಎಂದ ಪೂರೆವ್. ಅವನು ಆಗ ಹೆಣ್ಣುಕುದುರೆಯ ಪಕ್ಕ ಒಂದು ಮಂಡಿಯೂರಿ ಹಾಲು ಕರೆಯುತ್ತಿದ್ದ. ಅದು ಹೆಂಗಸರ ಕೆಲಸ. ಗಂಡಸರು ಮರಿ ಹಿಡಿದುಕೊಂಡು ನಿಂತು ಹರಟೆ ಹೊಡೆಯಬೇಕು, ಅಷ್ಟೇ. ಪೂರೆವ್ ಹಾಲು ಕರೆಯುವುದನ್ನು ನೋಡಲೆಂದೇ ಆ ಬೇಸಿಗೆಯಲ್ಲಿ ದೂರದ ಬಿಡಾರಗಳವರೂ ಕುದುರೆ ಕಳೆದಿದೆ ಎಂಬ ನೆಪ ಮಾಡಿ ಆ ದಾರಿಯಲ್ಲಿ ಬರುತ್ತಿದ್ದರು.

"ನೀನು ಬಾಯಿ ಮುಚ್ಕೊಂಡು ಕರಿ. ಅರ್ಧ ಹಾಲು ನಿನ್ನ ಪ್ಯಾಂಟಿಗೇ ಹೋಗ್ತಿದೆ."

ನೊಣಗಳ ಕಾಲ ಬಂತು. ಯಂಜ್ಮಾ ಬೂದನನ್ನು ಕಟ್ಟಿದ ಕಡೆ ಮುಕ್ಕಾಲಿ ಹಾಕಿಸಿಕೊಂಡು ಅವನ ಬಲಗಡೆ ಕೂತಳು, ಬಾಲದ ಕೂದಲಿನ ಚವರಿ ಹಿಡಿದು ಬಲಮೈಯ ನೊಣ ಮಾತ್ರ ಓಡಿಸಿದಳು. ಎಡಮೈಯ ನೊಣಗಳನ್ನು ಮುಟ್ಟಲಿಲ್ಲ. ಕುದುರೆ ದಡ್ಡನಲ್ಲ. ಒಂದಷ್ಟು ದಿನಗಳಲ್ಲಿ ಅವಳು ಕುಂಟುತ್ತಾ ಬರುವುದು ಕಂಡರೆ ಅವನೇ ಬಲಮಗ್ಗುಲು ತಿರುಗಿಸಿ ನಿಲ್ಲತೊಡಗಿದ. ಆಮೇಲೆ ಕಂಬಳಿ ಹೊದಿಸಿದಳು, ಜೀನು ಹಾಕಿಸಿದಳು, ಹೊಟ್ಟೆಯನ್ನು ಅವನ ಬೆನ್ನಿಗೆ ಒತ್ತಿ ಒರಗಿ ನಿಂತಳು. ಒಂದು ಸಲ ಒರಗಿದ್ದಾಗಲೇ ಅವನು ಹೊರಟುಬಿಟ್ಟ. ಅವಳು ಮುಖ ಅಡಿಯಾಗಿ ಬಿದ್ದಳು. ಯಾರೂ ನೋಡುತ್ತಿರಲಿಲ್ಲ, ಹಾಗಾಗಿ ಅತ್ತಳು. ಹುಲ್ಲಿನ ಮೇಲೆ ಹಣೆ ಊರಿ, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಬೂದನಿಗೆ ಅವನ ತಾಯಿಯ ವಂಶವನ್ನೆಲ್ಲ ಜಾಲಾಡಿ ಬೈದು, ಮತ್ತೆ ಒರಗಿದಳು.

ಬೇಸಿಗೆ ಮುಗಿಯುವಷ್ಟರಲ್ಲಿ ಹತ್ತುವುದು ಬಂತು. ಬಲಗಾಲು ರಿಕಾಪಿಗೆ, ಎರಡು ಕೈ ಜೀನಿಗೆ, ಹೊಟ್ಟೆ ಕುದುರೆಯ ಬೆನ್ನಿಗೆ, ನೆಟ್ಟಗಿನ ಕಾಲು ಪೊರಕೆಯಂತೆ ಹಿಂದಿನಿಂದ ಆ ಕಡೆಗೆ. ಎಡಗಡೆಯ ರಿಕಾಪನ್ನು ಉದ್ದ ಬಿಟ್ಟರೆ ಸವಾರಿ ಮೊದಲಿನಂತೆಯೇ. ಸುತ್ತಾಡಿ ಬಂದವಳು ಗುಡಾರದ ಪಕ್ಕದಲ್ಲಿ ಒಲೆಗೆಂದು ಒಟ್ಟಿದ್ದ ಒಣಸಗಣಿಯ ಗುಡ್ಡೆಗೆ ಕುದುರೆಯನ್ನು ತಾಗಿಸಿ ನಿಲ್ಲಿಸುತ್ತಿದ್ದಳು. ಗುಡ್ಡೆ ಕುದುರೆಯ ಹೊಟ್ಟೆಯ ಎತ್ತರಕ್ಕಿತ್ತು. ಅದರ ಮೇಲೆ ಕುಂಡಿ ಊರಿ, ಜಾರಿ, ಮಹಾರಾಣಿಯ ಹಾಗೆ ಇಳಿಯುತ್ತಿದ್ದಳು. ಮಂದೆ ಮೇಯಿಸಿ ಬರುವ ಪೂರೆವ್‌ನ ಕಣ್ಣಿಗೆ ಅವಳು ಇಳಿಯುವುದು ಮಾತ್ರ ಬೀಳುತ್ತಿತ್ತು.

ಬಿಡಾರ ಕಿತ್ತ ದಿನ ಗುಡಾರ, ಒಲೆ, ಪೆಟ್ಟಿಗೆ, ಊರುಗೋಲು ಎಲ್ಲವೂ ಲಾರಿ ಹತ್ತಿದವು. ಯಂಜ್ಮಾ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು, ಯಾರ ಕೈಯನ್ನೂ ಹಿಡಿಯದೆ, ಬಲಗಡೆಯಿಂದ ಬೂದನನ್ನು ಹತ್ತಿದಳು. ಪೂರೆವ್ ಬಾಯಿ ತೆರೆದು ನಿಂತ.

"ಏನ್ ನೋಡ್ತೀಯಾ? ಹೆಂಡ್ತೀನ ಕಂಡಿಲ್ವಾ?"

"ಈ ಕಡೆಯಿಂದ ಕಂಡಿರ್ಲಿಲ್ಲ."

ಕಣಿವೆ ದಾಟಿ, ಹೊಳೆ ದಾಟಿ ಅವಳು ಮುಂದೆ ಮುಂದೆ ಹೋದಳು. ಗಾಳಿ ಕಿವಿಗೆ ಬಡಿಯುತ್ತಿತ್ತು, ಹಿಂದೆ ಮಂದೆಯ ಗೊರಸುಗಳ ಸದ್ದು. ಆರು ತಿಂಗಳಿನಿಂದ ಎಲ್ಲರನ್ನೂ ಕತ್ತೆತ್ತಿ ನೋಡಿ ಸಾಕಾಗಿದ್ದವಳಿಗೆ ಎಲ್ಲರ ನೆತ್ತಿ ಕಾಣುತ್ತಿತ್ತು. ಅವಳಿಗೆ ಸಂತೋಷವಾಯಿತು, ಹಾಡಬೇಕೆನಿಸುವಷ್ಟು. ಹಾಡಿದಳು ಕೂಡ. ಬೂದ ಕಿವಿ ಹಿಂದಕ್ಕೆ ಮಡಚಿದ.

ಹೊಸ ಬಿಡಾರದಲ್ಲಿ ಮೊನ್ನೆಯಷ್ಟೇ ಬಂದಿಳಿದಿದ್ದ ಸೋದ್ನೋಮ್, ಅವನ ಹೆಂಡತಿ ಬಲ್ಜಿದ್, ಅಕ್ಕಪಕ್ಕದವರು ಪದ್ಧತಿಯಂತೆ ಬಿಸಿ ಟೀ, ಕರಿದ ತಿಂಡಿ ಹಿಡಿದು ಕಾಯುತ್ತಿದ್ದರು. ಯಂಜ್ಮಾ ಠೀವಿಯಿಂದ ಬಂದು ನಿಂತು ಬಲಗಡೆಗೆ ಕಣ್ಣು ಹಾಯಿಸಿದಳು. ಸಗಣಿ ಗುಡ್ಡೆ ಇಲ್ಲ.

ಎಲ್ಲಿಂದ ಬರಬೇಕು? ಜನ, ದನ ಬಂದು ನೆಲೆಸಿ ಅದೆಷ್ಟೋ ದಿನವಾದ ಮೇಲೆ ಬೆಳೆಯುವ ವಸ್ತು ಅದು. ಸೋದ್ನೋಮ್‌ನ ಗುಡಾರದ ಪಕ್ಕದ್ದೂ ಇನ್ನೂ ಪಾದದೆತ್ತರ ದಾಟಿರಲಿಲ್ಲ. ಹುಟ್ಟಿದಾಗಿನಿಂದ ವರ್ಷಕ್ಕೆ ನಾಲ್ಕು ಸಲ ಬಿಡಾರ ಕಿತ್ತವಳಿಗೆ ಈ ಒಂದು ವಿಷಯ ಹೊಳೆದಿರಲಿಲ್ಲ. ಯಾವ ಕಡೆಯಿಂದ ಇಳಿದರೂ ಭಾರವೆಲ್ಲ ಬೀಳುವುದು ಆ ಹಾಳು ಕಾಲಿನ ಮೇಲೆ. ಪೆಟ್ಟಿಗೆ ತಂದಿಡಿ ಎಂದರೆ ತೊಂದರೆ ಮುಗಿಯುತ್ತಿತ್ತು. ಅದರ ಜೊತೆಗೆ ಬೂದನ ಋಣವೂ ಮುಗಿಯುತ್ತಿತ್ತು.

"ಇಳಿ ಅತ್ತಿಗೆ, ಟೀ ಆರುತ್ತೆ," ಎಂದ ಸೋದ್ನೋಮ್.

"ಇಲ್ಲೇ ಕೊಡು. ಮೇಲಿಂದ ಗಾಳಿ ಚೆನ್ನಾಗಿದೆ."

ಒಂದು ಬಟ್ಟಲು ಕುಡಿದಳು. ಬಲ್ಜಿದ್ ಇನ್ನೊಂದು ಕೊಟ್ಟಳು. ಬೇಡವೆಂದರೆ ಇಳಿಯಬೇಕು, ಹಾಗಾಗಿ ಅದನ್ನೂ ಕುಡಿದಳು, ಮೂರನೆಯದನ್ನೂ ಕುಡಿದಳು. ಲಾರಿ ಖಾಲಿಯಾಗಿ ಹೋಯಿತು. ಗುಡಾರದ ಗೋಡೆ ಎದ್ದಿತು. ಅವಳು ಕುದುರೆಯ ಮೇಲೇ ಕೂತು, ಬಾಗಿಲು ಸೊಟ್ಟಗಿದೆ, ಹಗ್ಗ ಸಡಿಲವಾಗಿದೆ ಎಂದು ಅಪ್ಪಣೆ ಕೊಡಿಸುತ್ತಿದ್ದಳು. ಅಲ್ಲಿ ಮೂತ್ರಕ್ಕೆ ಏಳುವವರು ಕುದುರೆ ನೋಡಿಕೊಂಡು ಬರುತ್ತೇನೆ ಎಂದು ಮರ್ಯಾದೆಯಾಗಿ ಹೇಳಿ ಹೋಗುತ್ತಾರೆ. ಕುದುರೆಯ ಮೇಲೇ ಕೂತವಳು ಏನು ಹೇಳಿ ಹೋಗಬೇಕು? ಮೂರು ಬಟ್ಟಲು ಟೀ ಒಳಗೆ ತಿರುಗಿಬಿದ್ದಿತ್ತು.

"ಬಹಳ ಜಂಬ ಬಂದ್ಬಿಟ್ಟಿದೆ ಇವಳಿಗೆ," ಎಂದಳು ಬಲ್ಜಿದ್, ಕೇಳಿಸುವಷ್ಟೇ ಮೆಲ್ಲಗೆ.

ಸೋದ್ನೋಮ್ ಮಾತ್ರ ನಗತೊಡಗಿದ್ದ. ಅವನಿಗೆ ಅರ್ಥವಾಗಿತ್ತು. "ಬರೋದು ಅಂದ್ರೆ ನೆಲ ಮುಟ್ಟೋದು, ಅತ್ತಿಗೆ. ನಾನು ಕಾಯ್ತೀನಿ. ಹಿಮ ಬೀಳೋವರೆಗೂ ಕಾಯ್ತೀನಿ."

ಆಗ ಪೂರೆವ್ ಕೈಯಲ್ಲಿದ್ದ ಹಗ್ಗ ಬಿಟ್ಟು ಬಂದ. ಎಂದೂ ಹೋಗದ ಬಲಗಡೆಗೆ ಹೋದ. ಬೂದ ಕಿವಿ ಮಡಚಿ ಹಿಂಗಾಲು ಎತ್ತಿದ. ಪೂರೆವ್ ಅದನ್ನು ನೋಡಿದ. ಆದರೂ ಹಿಂದೆ ಸರಿಯಲಿಲ್ಲ.

"ಗುಡ್ಡೆ ಇಲ್ಲ, ಅಲ್ವಾ?" ಎಂದು ಪಿಸುಗುಟ್ಟಿದ.

"ಇಲ್ಲ."

"ನನ್ನ ಮೇಲೆ ಇಳಿ."

"ಎಲ್ರೂ ನೋಡ್ತಿದಾರೆ. ಕುದುರೆ ಹೋಗುತ್ತೆ."

"ಇಳಿ ಅಂದೆ."

ಅವನು ಬೆನ್ನು ತಿರುಗಿಸಿ, ಮಂಡಿಗೆ ಕೈ ಊರಿ ಬಗ್ಗಿ ನಿಂತ. ಯಂಜ್ಮಾ ಕಾಲು ಈಚೆ ತಂದಳು, ಜಾರಿದಳು, ಗಂಡನ ಬೆನ್ನಿನ ಮೇಲೆ ಧೊಪ್ಪೆಂದು ಕೂತಳು. ಅವನು ಒಣಸಗಣಿಯಷ್ಟು ಗಟ್ಟಿಯಲ್ಲ. ಇಬ್ಬರೂ ನೆಲಕ್ಕೆ ಬಂದರು, ಅವನು ಮುಖ ಅಡಿಯಾಗಿ, ಅವಳು ಅವನ ಮೇಲೆ, ನೀಲಿ ರೇಷ್ಮೆಯೊಳಗೆ ನೆಟ್ಟಗಿನ ಕಾಲು ಚಾಚಿಕೊಂಡು.

"ಬಿದ್ಲು!" ಎಂದು ಕೂಗಿದ ಸೋದ್ನೋಮ್. "ಎಲ್ರೂ ನೋಡಿದ್ರಲ್ಲ! ಬಿದ್ಲು!"

"ಬಿದ್ದಿಲ್ಲ ಕಣೋ," ಎಂದು ಅಡಿಯಿಂದ ಪೂರೆವ್‌ನ ದನಿ ಬಂತು. "ಇಳಿದ್ಲು. ಮದುವೆ ಆದಾಗಿಂದ ನನ್ ತಲೆ ಮೇಲೆ ಕೂತಿದ್ಲು, ಇವತ್ತು ಇಳಿದಿದಾಳೆ. ಅದಕ್ಕೂ ನಿನ್ನ ತಕರಾರಾ?"

"ಅಣ್ಣಾ, ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ವಾಪಸ್ ತಗೊಂಡೆ."

ಯಾರೂ ನಗಲಿಲ್ಲ. ಬಲ್ಜಿದ್‌ಳ ಕೈಯಲ್ಲಿದ್ದ ಬಟ್ಟಲು ವಾಲಿ ಟೀ ಚೆಲ್ಲಿತು. ಗಂಡಸು ತಮ್ಮನಿಗೆ ಕೊಟ್ಟ ಮಾತು ನುಂಗಿದ್ದನ್ನು ಆ ಕಣಿವೆ ಬಹಳ ಕಾಲ ಆಡಿಕೊಳ್ಳುತ್ತದೆ. ಪೂರೆವ್‌ಗೆ ಅದು ಯಂಜ್ಮಾಳಿಗಿಂತ ಚೆನ್ನಾಗಿ ಗೊತ್ತಿತ್ತು. ಸೋದ್ನೋಮ್ ಉಗಿದು, ತನ್ನ ಗುಡಾರದ ಕಡೆ ನಡೆದ.

ಯಂಜ್ಮಾ ಕೂತಲ್ಲೇ ಕೂತಿದ್ದಳು. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

"ಏಳೇ ಮುದುಕಿ, ಉಸಿರು ಕಟ್ತಿದೆ."

"ನಗಿಸಬೇಡ. ನಗಿಸಿದ್ರೆ ಮೂರು ಬಟ್ಟಲು ಟೀನೂ ನಿನ್ನ ಮೇಲೇ ಇಳಿಯುತ್ತೆ." ಅವನ ಭುಜ ಹಿಡಿದು ಏಳುತ್ತಾ ಅವಳು ಹೇಳಿದಳು, "ನಾಳೆಯಿಂದ ದಿನಾ ಬಂದು ಇಲ್ಲೇ ನಿಂತಿರ್ಬೇಕು. ಬಲಗಡೆ."

"ಸಗಣಿ ಗುಡ್ಡೆ ಬೆಳೆಯೋವರೆಗೂ ತಾನೇ?"

"ಬೆಳೆದ ಮೇಲೂ," ಎಂದಳು ಯಂಜ್ಮಾ.